ಆರು ಕೋಣೆಗೆ ಒಂದು ಬಟ್ಟಲು ಛಾಂಗ್

ಊರೆಲ್ಲ ದಾಯಿ, ಅಂದರೆ ಅಣ್ಣ, ಎಂದು ಕರೆಯುವ ಗ್ಯಾಲ್ಜನ್‌ಗೆ ಹೊಟ್ಟೆ ಸರಿಯಿಲ್ಲವಂತೆ. ಛಾಮ್ಜಿ ಅವನ ಮುಂದೆ ಛಾಂಗ್ ಎಂಬ ಧಾನ್ಯದ ಹೆಂಡದ ಬಟ್ಟಲು ಇಟ್ಟು ಇನ್ನೂ ಕೈ ಹಿಂದಕ್ಕೆ ತೆಗೆದಿರಲಿಲ್ಲ, ಅಷ್ಟರಲ್ಲೇ ಹೊಟ್ಟೆ ಕೆಟ್ಟುಹೋಯಿತು. ಅದಕ್ಕೆ ಸ್ವಲ್ಪ ಮುಂಚೆ ಅದೇ ಹೊಟ್ಟೆಗೆ ಒಂಬತ್ತು ಬೇಯಿಸಿದ ಆಲೂಗಡ್ಡೆ ಖಾರದ ಚಟ್ನಿ ಸಮೇತ ಇಳಿದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

ಕಾರಣ ಬೇರೆ ಇತ್ತು. ಬಟ್ಟಲಿನ ಅಂಚಿಗೆ ಮೂರು ಕಡೆ ಬೆಣ್ಣೆ ಮೆತ್ತಿತ್ತು. ಬೆಣ್ಣೆ ಇಲ್ಲದ ಛಾಂಗ್ ಬಾಯಾರಿಕೆಗೆ, ಬೆಣ್ಣೆ ಮೆತ್ತಿದ್ದು ಕೆಲಸಕ್ಕೆ. ಅದನ್ನು ಕುಡಿದವನು ತಂದವರ ಕೋರಿಕೆ ನಡೆಸಿಕೊಡಬೇಕು. ಕಾಗದದಲ್ಲಿ ಬರೆದ ಕಾನೂನಲ್ಲ, ಆದರೆ ಆ ಕಣಿವೆಯಲ್ಲಿ ಹೆಣ್ಣು ಕೇಳಿದ್ದು, ಆಲೂಗಡ್ಡೆ ಹೊಲದ ಗಡಿ ಸರಿಮಾಡಿದ್ದು, ಮುನಿದ ಅಣ್ಣತಮ್ಮಂದಿರನ್ನು ಮಾತಾಡಿಸಿದ್ದು ಎಲ್ಲ ಹೀಗೆಯೇ. ಕೊಡುವ ಮನಸ್ಸಿಲ್ಲದವನು ಬಟ್ಟಲು ಮುಟ್ಟುವುದಿಲ್ಲ. ಇಲ್ಲ ಎಂದು ಬಾಯಿಬಿಟ್ಟು ಹೇಳಿದರೆ ಒರಟುತನ, ಹೊಟ್ಟೆಯ ಮೇಲೆ ಹಾಕಿದರೆ ಇಬ್ಬರ ಮರ್ಯಾದೆಯೂ ಉಳಿಯುತ್ತದೆ.

"ಹೊಟ್ಟೆಗೆ ಛಾಂಗ್‌ಗಿಂತ ಬೇರೆ ಔಷಧಿ ಬೇಕಾ ದಾಯಿ? ತಗೊಳ್ಳಿ, ತಗೊಳ್ಳಿ," ಎಂದಳು ಛಾಮ್ಜಿ. ಒತ್ತಾಯ ಮಾಡುವುದೂ ಪದ್ಧತಿಯೇ.

"ಬೇಡ ಬೈನಿ. ನಾಮ್ಚೆ ಪೇಟೆ ಡಾಕ್ಟ್ರು ಮುಟ್ಟಲೇಬೇಡ ಅಂದಿದಾರೆ."

"ಯಾವಾಗ ಹೋಗಿದ್ದೆ ನಾಮ್ಚೆ ಡಾಕ್ಟ್ರ ಹತ್ರ?" ಒಲೆಯ ಹತ್ತಿರ ಕೂತು ರಜಾಯಿಗಳ ಹೊಲಿಗೆ ನೋಡುತ್ತಿದ್ದ ಅವನ ಹೆಂಡತಿ ಲ್ಹಾಕಿ ಕೇಳಿದಳು.

"ಹೋದ ವರ್ಷ."

"ಹೋದ ವರ್ಷ ಹೋಗಿದ್ದು ಹಲ್ಲು ಕೀಳಿಸೋಕೆ."

"ಹಲ್ಲಿನ ಡಾಕ್ಟ್ರಿಗೆ ಹೊಟ್ಟೆ ಎಲ್ಲಿರುತ್ತೆ ಅಂತ ಗೊತ್ತಿರಲ್ವಾ? ನಿನ್ ಕೆಲಸ ನೋಡು."

ಛಾಮ್ಜಿ ನಕ್ಕಳು, ಆದರೆ ಬಟ್ಟಲನ್ನು ಅವನ ಮುಂದಿನಿಂದ ತೆಗೆಯಲಿಲ್ಲ. ಅವಳಿಗೆ ಬೇಕಾಗಿದ್ದು ಆರು ಕೋಣೆ, ಕಾರ್ತಿಕ ಹುಣ್ಣಿಮೆಯ ಹೊತ್ತಿಗೆ, ಒಂದೇ ಒಂದು ರಾತ್ರಿಗೆ. ಕಾಠ್ಮಂಡು ಪಕ್ಕದ ಪಾಟನ್ನಿನಿಂದ ಹನ್ನೊಂದು ಹೆಂಗಸರು ಬರುವವರಿದ್ದರು. ಎಲ್ಲರೂ ನಿವೃತ್ತ ನರ್ಸುಗಳು, ಎಲ್ಲರಿಗೂ ಅರವತ್ತು ದಾಟಿತ್ತು, ಅವರ ಮುಂದಾಳು ಹೀರಾದೇವಿಗೆ ಎಪ್ಪತ್ತೊಂದು. ಮಂಡಿ ಪೂರ್ತಿ ಕೈಕೊಡುವ ಮೊದಲು ಗ್ಯಾಲ್ಜನ್‌ನ ಊರಾದ ಲುಂಗ್ಸಾದ ಮೇಲಿನ ಕೆರೆಯನ್ನು ನೋಡಬೇಕು ಎಂದು ಅವರು ಹಠ ಹಿಡಿದಿದ್ದರು. ಲುಂಗ್ಸಾದಲ್ಲಿ ಇರುವುದು ಎರಡೇ ವಸತಿ. ಒಂದರ ಛಾವಣಿ ಹೋದ ಚಳಿಗಾಲದ ಗಾಳಿಗೆ ಹಾರಿಹೋಗಿ ಮನೆ ಯಾಕ್‌ಗಳ ಪಾಲಾಗಿತ್ತು. ಇನ್ನೊಂದು ಗ್ಯಾಲ್ಜನ್‌ನದು, ಆರು ಕೋಣೆಯದು. ಇಲ್ಲಿ ತಂಗದೆ ಕೆಳಗಿನ ತ್ಸೆರ್ಮಾದಿಂದ ಒಂದೇ ದಿನದಲ್ಲಿ ಕೆರೆಗೆ ಹೋಗಿ ಬರುವುದು ಗಟ್ಟಿ ಕಾಲಿನವರಿಗೇ ಕಷ್ಟ. ಕೋಣೆ ಸಿಗದಿದ್ದರೆ ಪ್ರಯಾಣವೇ ಇಲ್ಲ, ಮತ್ತು ಇದು ಛಾಮ್ಜಿ ಗೈಡ್ ಆಗಿ ಕರೆತರುತ್ತಿದ್ದ ಮೊಟ್ಟಮೊದಲ ತಂಡ.

ನಲವತ್ತಾರನೇ ವಯಸ್ಸಿಗೆ ಮೊದಲ ತಂಡ. ಇದನ್ನು ಕೇಳಿ ನಗುವವರು ನಗಲಿ. ಛಾಮ್ಜಿ ಹದಿನೇಳು ವರ್ಷ ಇದೇ ಗ್ಯಾಲ್ಜನ್‌ನ ಅಡುಗೆಮನೆಯಲ್ಲಿ ಪ್ರೆಶರ್ ಕುಕ್ಕರ್ ಕೂಗಿಸಿದವಳು. ಆ ಎತ್ತರದಲ್ಲಿ ಅಕ್ಕಿಗೆ ಎಷ್ಟು ಕೂಗು, ಬೇಳೆಗೆ ಎಷ್ಟು ಕೂಗು ಎಂದು ನಿದ್ದೆಯಲ್ಲೂ ಹೇಳುತ್ತಿದ್ದಳು. ಅತಿಥಿಗಳು ಬಾಗಿಲು ದಾಟಿ ಒಳಗೆ ಬಂದು ನಾಲ್ಕು ಹೆಜ್ಜೆ ಇಡುವುದರೊಳಗೆ ಯಾರಿಗೆ ಎತ್ತರದ ತಲೆ ನೋವು ಶುರುವಾಗಿದೆ, ಯಾರು ಅದನ್ನು ಮುಚ್ಚಿಡುತ್ತಿದ್ದಾರೆ ಎಂದು ಗುರುತಿಸುತ್ತಿದ್ದಳು. ಅವರ ಗೈಡ್‌ಗಳಿಗೆ ಅದು ಗೊತ್ತಾಗುತ್ತಿದ್ದುದು ಮರುದಿನ ಬೆಳಿಗ್ಗೆ. "ಆ ಕೆಂಪು ಟೋಪಿಯವನಿಗೆ ಬೆಳ್ಳುಳ್ಳಿ ಸಾರು ಕೊಟ್ಟು ಮಲಗಿಸಿ, ನಾಳೆ ಮೇಲೆ ಹತ್ತಿಸಬೇಡಿ," ಎಂದು ಅಡುಗೆಯವಳು ಹೇಳಿದರೆ ಯಾವ ಗೈಡ್ ಕೇಳುತ್ತಾನೆ? ಕೇಳದೆ ಹತ್ತಿಸಿದ ಒಬ್ಬನನ್ನು ಗ್ಯಾಲ್ಜನ್ನೇ ಬೆನ್ನ ಮೇಲೆ ಹೊತ್ತುಕೊಂಡು ತ್ಸೆರ್ಮಾಕ್ಕೆ ಓಡಿದ್ದ. ಅವನು ಬದುಕಿದ. ಗೈಡ್ ತಾನೇ ಉಳಿಸಿದೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ. ಅಂದಿನಿಂದ ಛಾಮ್ಜಿಯ ತಲೆಯಲ್ಲಿ ಗೈಡ್ ಪರವಾನಗಿಯ ಹುಳ ಹೊಕ್ಕಿತು.

ತರಬೇತಿಗೆ ಎರಡು ಸಲ ಅರ್ಜಿ ಹಾಕಿ ಎರಡು ಸಲವೂ ಸೀಟು ಸಿಗಲಿಲ್ಲ. ಮೂರನೇ ಸಲ ಸಿಕ್ಕಿತು, ಆದರೆ ಸಿಕ್ಕಿದ್ದು ಕಾರ್ತಿಕದ ಮಧ್ಯದಲ್ಲಿ, ಮನೆ ತುಂಬ ಅತಿಥಿಗಳಿರುವಾಗ. ಛಾಮ್ಜಿ ಬೆಳಗಿನ ಒಲೆ ಹೊತ್ತಿಸಿ, ಲ್ಹಾಕಿಯ ಕಿವಿಯಲ್ಲಿ ಒಂದು ಮಾತು ಹೇಳಿ, ಯಜಮಾನನ ಕಣ್ಣು ತಪ್ಪಿಸಿ ಬೆಟ್ಟ ಇಳಿದಳು. ಆ ದಿನ ಗ್ಯಾಲ್ಜನ್ ಕೈಯಾರೆ ಮಾಡಿದ ಅನ್ನ ಮೇಲೆ ಗಂಜಿ, ನಡುವೆ ಅಕ್ಕಿ, ತಳದಲ್ಲಿ ಇದ್ದಿಲು ಆಗಿತ್ತಂತೆ. ಭಾರ ಹೊರುವವರು ಇಂದಿಗೂ ದಾರಿಯಲ್ಲಿ ಅವನನ್ನು ಕಂಡರೆ, "ದಾಯಿ, ಇವತ್ತು ಮೂರಂತಸ್ತಿನ ಅನ್ನ ಇದೆಯಾ?" ಎಂದು ಕೇಳುತ್ತಾರೆ. ಎರಡು ವರ್ಷ ಅವನು ಛಾಮ್ಜಿಯ ಹೆಸರು ಎತ್ತಲಿಲ್ಲ. ಎತ್ತಬೇಕಾಗಿ ಬಂದರೆ "ಆ ಓಡಿಹೋದವಳು" ಎನ್ನುತ್ತಿದ್ದ.

ಆದ್ದರಿಂದಲೇ ಉಳಿದ ಎಲ್ಲ ಊರುಗಳ ಕೋಣೆಗಳನ್ನು ಫೋನಿನಲ್ಲೇ ಹಿಡಿದಿದ್ದ ಛಾಮ್ಜಿ, ಲುಂಗ್ಸಾಕ್ಕೆ ಮಾತ್ರ ತಾನೇ ನಡೆದು ಬಂದಿದ್ದಳು, ಬೆನ್ನಿಗೆ ಛಾಂಗ್ ಕ್ಯಾನು, ಎದೆಯ ಮಡಿಕೆಯಲ್ಲಿ ಗೌರವಕ್ಕೆ ಹೊದಿಸುವ ಬಿಳಿ ರೇಷ್ಮೆಯ ಶಲ್ಯ, ಖಾತಾ. ಖಾತಾವನ್ನು ಗ್ಯಾಲ್ಜನ್ ಕೊರಳಿಗೆ ಹಾಕಿಸಿಕೊಂಡ, ಅದಕ್ಕೆ ತಕರಾರಿಲ್ಲ. ಬಟ್ಟಲು ಮಾತ್ರ ಹಾಗೇ ಇತ್ತು.

"ಅಲ್ಲದೆ," ಎಂದ ಗ್ಯಾಲ್ಜನ್, ಕಿಟಕಿಯ ಸಂದಿಗೆ ಪಟ್ಟಿ ಬಡಿಯಲು ಎದ್ದು, "ಕಾರ್ತಿಕ ಪೂರ್ತಿ ಕಾಠ್ಮಂಡುವಿನ ಒಂದು ಕಂಪನಿಯೋರು ಹಿಡಿದಿಟ್ಟಿದಾರೆ. ಆರೂ ಕೋಣೆ. ಫೋನಲ್ಲೇ ಮುಂಗಡ ಬಂತು."

ಛಾಮ್ಜಿ ಮನಸ್ಸಿನಲ್ಲೇ ದಿನ ಎಣಿಸಿದಳು. ಹೀರಾದೇವಿಗೆ ಏನೆಂದು ಹೇಳುವುದು? ತರಬೇತಿಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವುದನ್ನು ಕಲಿಸಲು ಬಂದಿದ್ದವಳು ಆಕೆಯೇ. ಹುಡುಗರ ನಡುವೆ ಒಬ್ಬಳೇ ಕೂತಿದ್ದ ಛಾಮ್ಜಿಯ ಕೈಕೆಲಸ ನೋಡಿ, "ನಿನಗೆ ಪರವಾನಗಿ ಸಿಕ್ಕ ದಿನ ನಮ್ಮನ್ನ ಕರ್ಕೊಂಡು ಹೋಗು," ಎಂದಿದ್ದಳು. ಆ ಮಾತಿನ ಮೇಲೆ ಹನ್ನೊಂದು ಜನ ಆರು ತಿಂಗಳಿಂದ ಬೆಳಿಗ್ಗೆ ಎದ್ದು ದೇವಸ್ಥಾನದ ಮೆಟ್ಟಿಲು ಹತ್ತಿ ಇಳಿದು ಅಭ್ಯಾಸ ಮಾಡುತ್ತಿದ್ದರು.

"ಯಾವ ದಾರಿ, ಎಲ್ಲೆಲ್ಲಿ ನಿಲ್ತೀರಿ? ಓದು, ಕೇಳೋಣ," ಎಂದಳು ಲ್ಹಾಕಿ. ಅವಳಿಗೆ ಯಾರ ಮೇಲೂ ಸಿಟ್ಟಿರಲಿಲ್ಲ, ಸುದ್ದಿ ಬೇಕಿತ್ತು.

ಛಾಮ್ಜಿ ಒಂದು ತಿಂಗಳು ಕೂತು ಬರೆದ ಶಾಲೆಯ ನೋಟ್‌ಬುಕ್ ತೆಗೆದಳು. ಹನ್ನೊಂದು ದಿನ, ದಿನಕ್ಕೊಂದು ಪುಟ. ಎಲ್ಲಿ ಚಹಾ, ಎಲ್ಲಿ ಊಟ, ಯಾರಿಗೆ ಸಕ್ಕರೆ ಕಾಯಿಲೆ, ಯಾರು ಗೊರಕೆ ಹೊಡೆಯುತ್ತಾರೆ, ಯಾರ ಕೋಣೆ ಶೌಚಾಲಯಕ್ಕೆ ಹತ್ತಿರ ಇರಬೇಕು ಎಲ್ಲ ಅದರಲ್ಲಿತ್ತು. ಅವಳು ಲ್ಹಾಕಿಗೆ ಓದಿ ಹೇಳತೊಡಗಿದಳು. ಕಿಟಕಿಯ ಹತ್ತಿರ ಸುತ್ತಿಗೆಯ ಸದ್ದು ನಡೆದೇ ಇತ್ತು. ಮೂರನೇ ದಿನದ ಪುಟಕ್ಕೆ ಬಂದಾಗ ಸದ್ದು ನಿಂತಿತು.

"ಅಲ್ಲಿ ಯಾಕೆ ಊಟ? ಆ ಮನೆಯೊಳಗೆ ಬರೀ ಹೊಗೆ. ಮುದುಕಿಯರು ಕೆಮ್ಮಿ ಸಾಯ್ತಾರೆ. ಸೇತುವೆ ದಾಟಿಸಿ, ಆಚೆ ಕೂರಿಸು."

ಛಾಮ್ಜಿ ಪೆನ್ಸಿಲ್ ತೆಗೆದು ತಿದ್ದಿದಳು. ಸುತ್ತಿಗೆ ಮತ್ತೆ ಎರಡು ಸಲ ಬಡಿಯಿತು. ಐದನೇ ದಿನಕ್ಕೆ ಗ್ಯಾಲ್ಜನ್ ಅದನ್ನು ಕೆಳಗಿಟ್ಟು ಬಂದು ಎದುರಿಗೆ ಕೂತ. ಅವನೂ ಒಂದು ಕಾಲಕ್ಕೆ ತಂಡ ನಡೆಸಿದವನು, ಬೇರೆಯವರ ಯೋಜನೆಯಲ್ಲಿ ತಪ್ಪು ಹುಡುಕುವ ಸುಖ ಬಿಟ್ಟುಕೊಡುವ ಜೀವ ಅಲ್ಲ. ಆರನೇ ದಿನದ ಏರು ಬೆಳಗಿನ ನೆರಳಿನಲ್ಲೇ ಮುಗಿಯಬೇಕು ಎಂದ. ಭಾರ ಹೊರುವವರು ನಾಲ್ಕು ಸಾಲದು, ಐದು ಬೇಕು ಎಂದ. ಹೇಳಿದ್ದೆಲ್ಲ ಸರಿಯೇ ಇತ್ತು, ಹೇಳುವ ಗತ್ತೊಂದೇ ತಡೆಯುವುದು ಕಷ್ಟ. ಛಾಮ್ಜಿ ಎಲ್ಲವನ್ನೂ ಬರೆದುಕೊಂಡಳು.

"ಎಂಟನೇ ದಿನ ಲುಂಗ್ಸಾ, ಒಂದು ರಾತ್ರಿ," ಎಂದು ಓದಿದಳು. "ಒಂಬತ್ತನೇ ದಿನ ಬೆಳಿಗ್ಗೆ ಕೆರೆ ನೋಡಿ, ವಾಪಸ್ ತ್ಸೆರ್ಮಾಕ್ಕೆ."

"ಒಂದು ರಾತ್ರೀನಾ?"

"ಹೂಂ."

"ತ್ಸೆರ್ಮಾದಿಂದ ಇಲ್ಲಿಗೆ ಬಂದು, ಮಾರನೇ ಬೆಳಿಗ್ಗೆನೇ ಎಪ್ಪತ್ತು ವರ್ಷದೋರನ್ನ ಕೆರೆಗೆ ಹತ್ತಿಸ್ತೀಯಾ? ತಲೆ ಸಿಡಿಯುತ್ತೆ ಅವರಿಗೆ! ಒಂದು ದಿನ ಇಲ್ಲೇ ಇರಬೇಕು. ಆ ದಿಬ್ಬ ಹತ್ತಿ, ಇಳಿದು, ಇಲ್ಲೇ ಮಲಗಬೇಕು. ಎರಡು ರಾತ್ರಿ. ಇದು ಕುರಿ ಕಾಯೋ ಹುಡುಗಿಗೂ ಗೊತ್ತು. ನಿನಗೆ ಗೊತ್ತಿಲ್ವಾ?"

"ಗೊತ್ತು," ಎಂದಳು ಛಾಮ್ಜಿ.

"ಗೊತ್ತಿದ್ದು ಒಂದು ಅಂತ ಬರೆದಿದೀಯಾ?"

ಅವಳು ನೋಟ್‌ಬುಕ್ ನೋಡುತ್ತಲೇ ಹೇಳಿದಳು. "ಒಂದು ಕೇಳೋಕೇ ಮೂರು ದಿನ ದಾರಿ ಪೂರ್ತಿ ಮಾತು ಜೋಡಿಸ್ಕೊಂಡು ಬಂದೆ ದಾಯಿ. ಎರಡು ಕೇಳೋಕೆ ಯಾವ ಮುಖ ಇಟ್ಕೊಂಡು ಬರಲಿ ನಿಮ್ಮ ಹತ್ರ?"

ಗ್ಯಾಲ್ಜನ್‌ನ ಮುಖ ಕೆಂಪೇರಿತು. "ನನ್ನ ಕೇಳೋಕೆ ನಾಚಿಕೆ ಅಂತ ಹನ್ನೊಂದು ಜನರ ಜೀವ ಪಣಕ್ಕಿಡ್ತೀಯಾ? ಏನಾಗಿದೆ ನಿನಗೆ? ಆವತ್ತು ಆ ಕೆಂಪು ಟೋಪಿಯವನನ್ನ ಯಾವನೋ ಹತ್ತಿಸಿದ ಅಂತ ಇದೇ ಒಲೆ ಮುಂದೆ ನಿಂತು ಅತ್ತವಳು ನೀನು. ಈಗ ನೀನೇ ಹತ್ತಿಸ್ತೀಯಾ? ಬೈಯ್ಯೋಕೂ ಬಾಯಿ ಒಣಗ್ತಿದೆ ನನಗೆ!" ಎನ್ನುತ್ತ ಮುಂದಿದ್ದ ಬಟ್ಟಲನ್ನು ಎತ್ತಿ ಒಂದೇ ಉಸಿರಿಗೆ ಗಟಗಟ ಕುಡಿದು ಕೆಳಗಿಟ್ಟ.

ಲ್ಹಾಕಿಯ ಸೂಜಿ ನಿಂತಿತು. ಛಾಮ್ಜಿ ಪೆನ್ಸಿಲ್ ಕೆಳಗಿಟ್ಟಳು. ಇನ್ನಷ್ಟು ಬೈಯಲು ಬಾಯಿ ತೆರೆದಿದ್ದ ಗ್ಯಾಲ್ಜನ್ ಇಬ್ಬರ ಮುಖವನ್ನೂ ನೋಡಿದ, ಆಮೇಲೆ ಬಟ್ಟಲು ನೋಡಿದ. ಖಾಲಿ. ಬೆಣ್ಣೆ ಅವನ ಮೀಸೆಗೆ ಹತ್ತಿತ್ತು.

"ಹೊಟ್ಟೆ ಹೇಗಿದೆ?" ಎಂದಳು ಲ್ಹಾಕಿ.

ಛಾಮ್ಜಿಗೆ ಕುಣಿಯಬೇಕು ಅನ್ನಿಸಬೇಕಿತ್ತು. ಬೇರೆ ಯಾರಾದರೂ ಆಗಿದ್ದರೆ ಕುಣಿದು, ಇಬ್ಬರು ಸಾಕ್ಷಿ ಕರೆದು, ಕೋಣೆ ಹಿಡಿದು ಹೋಗಿರುತ್ತಿದ್ದರು. ಆದರೆ ಅವಳಿಗೆ ನಾಚಿಕೆಯಾಯಿತು. ಒಮ್ಮೆ ಕಣ್ಣು ತಪ್ಪಿಸಿ ಇವನಿಂದ ಬಿಡುಗಡೆ ಪಡೆದಿದ್ದಳು, ಎರಡನೇ ಸಲವೂ ಹಾಗೆಯೇ ಪಡೆಯಲು ಮನಸ್ಸು ಒಪ್ಪಲಿಲ್ಲ.

"ನೀವು ನೋಡ್ದೆ ಕುಡಿದಿರಿ ದಾಯಿ," ಎಂದಳು. "ನಾನಿದನ್ನ ಲೆಕ್ಕಕ್ಕೆ ಹಿಡಿಯಲ್ಲ. ಲ್ಹಾಕಿ ದೀದೀನೂ ಯಾರಿಗೂ ಹೇಳಲ್ಲ."

"ನಾನು ಹೇಳ್ತೀನಿ," ಎಂದಳು ಲ್ಹಾಕಿ. "ಇಂಥದ್ದನ್ನ ಹೇಳ್ದೆ ಇರೋಕಾಗುತ್ತಾ?"

ಗ್ಯಾಲ್ಜನ್ ಮೀಸೆ ಒರೆಸಿಕೊಂಡ. ಒಲೆಯ ಕಡೆ ನೋಡುತ್ತ ಹೇಳಿದ, "ಅವತ್ತು ನೀನು ಕೇಳಿ ಹೋಗಿದ್ರೆ ನಾನು ಬಿಡ್ತಿರ್ಲಿಲ್ಲ."

"ಗೊತ್ತಿತ್ತು."

"ಅದಕ್ಕೇ ಕೇಳ್ಲಿಲ್ಲ."

"ಹೌದು ದಾಯಿ."

"ಎರಡು ವರ್ಷದಿಂದ ಅದೇ ನನ್ನ ಕೊರೀತಿದೆ. ಅನ್ನದ ಸಂಗತಿ ಅಲ್ಲ. ಹದಿನೇಳು ವರ್ಷ ಜೊತೆಗಿದ್ದವಳು ನನ್ನ ಹತ್ರ ಕೇಳೋಕೆ ಹೆದರಿದಳಲ್ಲ, ನಾನು ಅಂಥವನಾ ಅಂತ." ಅವನು ತಲೆ ಅಲ್ಲಾಡಿಸಿದ. "ಅಂಥವನೇ. ನೀನು ಹೋಗಿದ್ದು ಒಳ್ಳೇದಾಯ್ತು."

ಆಮೇಲೆ ಖಾಲಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ಚಾಚಿದ. "ಹಾಕು. ಈ ಸಲ ನೋಡ್ಕೊಂಡೇ ಕುಡೀತೀನಿ."

ಛಾಮ್ಜಿ ಅಂಚಿಗೆ ಹೊಸದಾಗಿ ಬೆಣ್ಣೆ ಮೆತ್ತಿ, ಕ್ಯಾನು ಎತ್ತಿ ಬಗ್ಗಿಸಿದಳು. ಅವಸರಕ್ಕೆ ಅರ್ಧ ಛಾಂಗ್ ಅವನ ಮೊಣಕಾಲಿನ ಮೇಲೆ ಬಿತ್ತು. ಅವನು ಅದನ್ನು ಗಮನಿಸದವನಂತೆ, ಸಾವಕಾಶವಾಗಿ, ಅವಳ ಮುಖವನ್ನೇ ನೋಡುತ್ತ ಕುಡಿದು ಮುಗಿಸಿದ. ಅವಳ ಎದೆಯ ಮೇಲೆ ಎರಡು ವರ್ಷದಿಂದ ಕೂತಿದ್ದ ಭಾರ ಇಳಿದೇಹೋಯಿತು. ಎಷ್ಟು ಹಗುರಾಯಿತೆಂದರೆ ಅವಳಿಗೆ ಹಸಿವೆ ಶುರುವಾಯಿತು, ಮೂರು ದಿನದ ಮೇಲೆ ಮೊದಲ ಸಲ.

"ಕಂಪನಿಯೋರು?" ಎಂದು ಕೇಳಿದಳು.

"ಎರಡು ರಾತ್ರಿ ತ್ಸೆರ್ಮಾದಲ್ಲಿ ಮಲಗ್ತಾರೆ. ಹರೆಯದೋರು, ಮಂಡಿ ಸರಿ ಇರುತ್ತೆ. ಆ ಎರಡು ದಿನದ ಮುಂಗಡ ನಾಳೆನೇ ವಾಪಸ್ ಹಾಕ್ತೀನಿ. ಇಡೀ ತಿಂಗಳು ನನ್ನ ಮನೆ ಹಿಡಿದರು, ಒಬ್ಬನಾದ್ರೂ ಮೇಲೆ ಬಂದು ಒಂದು ಬಟ್ಟಲು ಹಾಕಿದ್ನಾ?"

ಅವನು ಎದ್ದು ಗೂಡಿನಿಂದ ದೊಡ್ಡ ದಾಖಲೆ ಪುಸ್ತಕ ತಂದ. ಆ ಪುಸ್ತಕದಲ್ಲಿ ಅತಿಥಿಗಳ ಹೆಸರಿರುವುದಿಲ್ಲ, ಅವರನ್ನು ಕರೆತರುವ ಗೈಡ್‌ನ ಹೆಸರಿನ ಮೇಲೆಯೇ ಕೋಣೆ. ಹದಿನೇಳು ವರ್ಷ ಛಾಮ್ಜಿ ಒಲೆಯ ಪಕ್ಕದಿಂದ ಅದನ್ನು ನೋಡಿದ್ದಳು, ಅದರಲ್ಲಿದ್ದ ಒಂದೊಂದು ಹೆಸರಿಗೂ ಅನ್ನ ಬಡಿಸಿದ್ದಳು. ಗ್ಯಾಲ್ಜನ್ ಕಾರ್ತಿಕದ ಪುಟ ತೆರೆದು, ಕಂಪನಿಯ ಗೈಡ್‌ನ ಹೆಸರಿಗೆ ಎರಡು ಸಾಲಿನಷ್ಟು ಗೀಟು ಎಳೆದು, ಪಕ್ಕದಲ್ಲಿ ದಪ್ಪ ದಪ್ಪ ಅಕ್ಷರದಲ್ಲಿ ಬರೆಯತೊಡಗಿದ. ಅವಳ ಹೆಸರಿನ ಒಂದೊಂದು ಅಕ್ಷರಕ್ಕೂ ಪೆನ್ನು ಎತ್ತಿ ಎತ್ತಿ ಇಟ್ಟ.

ಛಾಮ್ಜಿಗೆ ಅದನ್ನು ನೋಡುತ್ತ ಕೂರಲಾಗಲಿಲ್ಲ. ಕಣ್ಣು ತುಂಬಿ ಬಂತು, ಅಭ್ಯಾಸಬಲದಿಂದ ಎದ್ದು ಒಲೆಗೆ ಸಗಣಿ ಬೆರಣಿ ಹಾಕಲು ಹೋದಳು. ಲ್ಹಾಕಿ ಅವಳ ತೋಳು ಹಿಡಿದು ನಿಲ್ಲಿಸಿದಳು.

"ಗೈಡು ಅಲ್ಲಿ ಹೋಗಿ ಕೂತ್ಕೋಬೇಕು. ಒಲೆ ನಮ್ಮದು."

"ಹೇಳಿ ಗೈಡ್ ಮೇಡಂ," ಎಂದ ಗ್ಯಾಲ್ಜನ್, ಪುಸ್ತಕದಿಂದ ತಲೆ ಎತ್ತದೆ. "ಎರಡು ರಾತ್ರಿಗೂ, ಭಾರ ಹೊರೋರನ್ನ ಬಿಟ್ಟು, ದಾಲ್ ಭಾತ್ ಎಷ್ಟು ಜನಕ್ಕೆ?"

"ಹನ್ನೊಂದು."

"ಹನ್ನೆರಡು," ಎಂದು ಅವನು ತಿದ್ದಿಕೊಂಡ. "ಗೈಡು ಉಪವಾಸ ಇರ್ತಾಳಾ? ಅನ್ನ ಮಾತ್ರ ಲ್ಹಾಕೀನೇ ಮಾಡ್ತಾಳೆ, ಹೆದರಬೇಡ."