ಅರ್ಧ ಇಂಚು ಗಿಡ್ಡವಾದ ಲಾರಿಗಳು

ಲಾರಿ ಬಾಡಿ ಕಟ್ಟುವವನನ್ನು ಈಗ ಯಾರೂ ಹುಡುಕಿಕೊಂಡು ಬರುವುದಿಲ್ಲ. ಕಂಪನಿಯಿಂದಲೇ ಬಾಡಿ ಕೂತು ಬರುತ್ತದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಉಳಿ ಹಿಡಿದವನು ನಾನು. ವಂಡ್ಸೆ ರಸ್ತೆಯ ನನ್ನ ಶೆಡ್ಡಿನಿಂದ ಹೊರಟ ಬಾಡಿಗಳಲ್ಲಿ ಒಂದೂ ಅಳತೆ ತಪ್ಪಿತೆಂದು ವಾಪಸ್ ಬಂದದ್ದಿಲ್ಲ. ಹೋದ ವರ್ಷ ಬಂದ ಒಂದೇ ಕೆಲಸವೆಂದರೆ ಅಂಗೈಯಲ್ಲಿ ನಿಲ್ಲುವ ಆರು ಲಾರಿ.

ಮುಂಬೈಯಿಂದ ಮರಳಿದ ಧಣಿಯೊಬ್ಬರು ಬ್ರಹ್ಮಾವರದಲ್ಲಿ ಹೋಟೆಲು ತೆರೆಯುವವರಿದ್ದರು. ಊಟದ ಹಾಲಿನ ನಡುವೆ ಆಟಿಕೆ ರೈಲು ಓಡಿಸುವ ಆಸೆ ಅವರಿಗೆ. ಸರಕು ತುಂಬಿದ ಲಾರಿಗಳನ್ನೇ ಬೆನ್ನ ಮೇಲೆ ಹೊತ್ತು ನಮ್ಮೂರು ದಾಟುವ ರೈಲು ಇದೆಯಲ್ಲ, ಅಂಥದ್ದು. ರೈಲು ವಿದೇಶದ್ದು, ಲಾರಿ ಮಾತ್ರ ನಮ್ಮದೇ ಆಗಬೇಕು, ಮರದ ಬಾಡಿ, ಹಗ್ಗ ಕಟ್ಟುವ ಕೊಂಡಿ ಸಮೇತ. ಮೊದಲೇ ಬಂದಿದ್ದ ಆಟಿಕೆ ಹಳಿಯ ಗೇಣುದ್ದದ ತುಂಡನ್ನು ಕೈಗೆ ಕೊಟ್ಟರು.

“ಆಚಾರ್ರೆ, ರೈಲ್ ಬಪ್ಪುಕೆ ಇನ್ನೂ ತಿಂಗ್ಳಿತ್ತ್. ಇದ್ರ ಅಳತಿಗೆ ಮಾಡುಕಾತ್ತಾ? ಸ್ಕೇಲ್ ಎಷ್ಟ್ ಅಂದೇಳಿ ನಮ್ಮ ಅಳಿಯನ ಹತ್ರ ಕೇಣಿ, ಅವ ಇಂಜಿನಿಯರ್.”

“ಅಳತಿ ನಂಗ್ ಬಿಡಿ” ಅಂದೆ.

ಅಳಿಯನನ್ನು ಕೇಳಲಿಲ್ಲ. ಬೈಂದೂರಿನಲ್ಲಿ ಹಳಿ ಕೆಲಸ ಮಾಡುವ ಗೆಳೆಯನನ್ನು ಕೇಳಿದೆ. ಹಳಿಗಳ ನಡುವೆ ಐದೂವರೆ ಅಡಿ ಅಂದ. ಆಟಿಕೆಯಲ್ಲಿ ಅದು ಹದಿನಾರೂವರೆ ಮಿಲಿಮೀಟರ್. ಶೆಡ್ಡಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಭಾಗಿಸಿದೆ. ನೂರಾ ಒಂದೂವರೆ ಬಂತು, ನೂರು ಹಿಡಿದೆ. ಇಪ್ಪತ್ತೈದು ಅಡಿಯ ಲಾರಿ ಮೂರು ಇಂಚಾಯಿತು. ಹಾಲೆ ಮರದಲ್ಲಿ ಬಾಡಿ, ಹಳೆಯ ಚಪ್ಪಲಿಯ ರಬ್ಬರಿನಲ್ಲಿ ಚಕ್ರ. ತಿಂಗಳಿಡೀ ಕಣ್ಣು ಕಿರಿದು ಮಾಡಿ ಕೂತೆ.

ಉದ್ಘಾಟನೆಗೆ ಎರಡು ದಿನ ಇರುವಾಗ ರೈಲು ಬಂತು. ನನ್ನ ಲಾರಿಯನ್ನು ವ್ಯಾಗನ್ನಿನ ಮೇಲಿಟ್ಟರೆ ನಾಲ್ಕೂ ಬದಿ ಜಾಗ ಉಳಿಯಿತು.

“ಹ್ವಾಯ್, ಎಂತ ಇದ್? ಲಾರಿಯ ಕರು ಹಾಂಗಾಯ್ತಲೆ!” ಧಣಿ ನಕ್ಕರು.

ಅಳಿಯ ಪಕ್ಕದ ವ್ಯಾಗನ್ನಿಗೆ ಪೇಟೆಯ ಆಟಿಕೆ ಲಾರಿ ಇಟ್ಟ. ಚಕ್ರ ಹೊರಗೆ ಚಾಚಿತು. ಇನ್ನೊಂದಕ್ಕೆ ರೈಲಿನ ಜೊತೆ ತರಿಸಿದ್ದ ಪ್ಲಾಸ್ಟಿಕ್ ಲಾರಿ ಇಟ್ಟ, ಅಚ್ಚುಕಟ್ಟಾಗಿ ಕೂತಿತು. ನನ್ನದಕ್ಕಿಂತ ಅರ್ಧ ಇಂಚಿನಷ್ಟು ಉದ್ದ.

“ಇದ್ ಎಂಬತ್ತೇಳಕ್ಕೆ ಒಂದ್, ಆಚಾರ್ರೆ. ಆ ದೇಶದ್ ನಿಜದ್ ಹಳಿ ನಮ್ದಕ್ಕಿಂತ ಕಿರಿದ್. ನೀವ್ ನಮ್ ಹಳಿ ಹಿಡ್ದ್ ಭಾಗ ಮಾಡಿದ್ರಿ. ಭಾಗಾಕಾರ ಸಮ ಇತ್ತ್.”

ಅವನು ನಗಲಿಲ್ಲ. ನಕ್ಕಿದ್ದರೆ ಬೈದಾದರೂ ಬರುತ್ತಿದ್ದೆ.

“ಈ ಪ್ಲಾಸ್ಟಿಕ್ ಲಾರಿ ಸ್ಟೇರಿಂಗ್ ಎಡಬದಿಗಿತ್ತ್, ಕಾಣಿ” ಅಂದೆ.

“ಉಂಬುಕೆ ಬಂದವ್ರ್ ಸ್ಟೇರಿಂಗ್ ಕಾಂತ್ರಾ ಮಾರಾಯ್ರೆ?” ಅಂದರು ಧಣಿ. ಮತ್ತೆ ಏನೋ ಹೊಳೆದು, ನನ್ನದೊಂದು ಲಾರಿ ಎತ್ತಿ ಹಿಂಬದಿಯ ಥರ್ಮಾಕೋಲ್ ಗುಡ್ಡದ ರಸ್ತೆಯಲ್ಲಿ ನಿಲ್ಲಿಸಿದರು. “ದೂರದ್ ಸಣ್ಣ ಕಾಂತಲೆ. ನಿಮ್ದೆಲ್ಲ ಇಲ್ಲ್ ನಿಲ್ಸುವ.”

ಚೆಂದ ಕಾಣುತ್ತಿತ್ತು. ಕೊಲ್ಲೂರು ಘಾಟಿಯಿಂದ ನಿಧಾನಕ್ಕೆ ಇಳಿದು ಬರುವ ಹಾಗೆ, ನಿಜವಾದ ಲಾರಿಯ ಹಾಗೆ. ಅದನ್ನೇ ನನ್ನಿಂದ ತಡೆಯಲಾಗಲಿಲ್ಲ.

“ಹಿಂದ್ ನಿಲ್ಸುಕ್ ಕಟ್ಟದ್ದಲ್ಲ ಇದ್” ಎಂದು ಆರನ್ನೂ ಬಾಚಿ ಚೀಲಕ್ಕೆ ಹಾಕಿಕೊಂಡೆ.

ಮನೆಯಲ್ಲಿ ಹೆಂಡತಿ ನಡೆದದ್ದನ್ನೆಲ್ಲ ಕೇಳಿ, ಚೀಲ ಬಿಚ್ಚಿ ನೋಡಿದಳು. “ಗುಡ್ಡಿ ಬದಿಗಾರೂ ಇಟ್ಟಿಕ್ ಬಪ್ಪುಕಾಗ್ದಾ? ಆ ಅಳಿಯನ ಹತ್ರ ಒಂದ್ ಮಾತ್ ಕೇಂಡಿದ್ರೆ ನಿಮ್ಮ್ ಗಂಟೆಂತ ಹೋತಿತ್ತ್?”

ಕೇಳಿದರೆ ನನ್ನ ಏಳನೇ ಕ್ಲಾಸು ಅವನಿಗೆ ಕಾಣುತ್ತದೆ ಎಂದುಕೊಂಡಿದ್ದೆ. ಕೇಳದೆಯೇ ಕಂಡಿತು, ಅದೂ ಮೂರು ಲಾರಿ ಸಾಲಾಗಿ ಇಟ್ಟು. ಹೋಟೆಲಿನಲ್ಲಿ ಉಂಡು ಬಂದವರು ರೈಲನ್ನು ಹೊಗಳುತ್ತಾರೆ. ಗುಡ್ಡದ ರಸ್ತೆಯಲ್ಲಿ ಏನಾದರೂ ನಿಂತಿದೆಯಾ ಎಂದು ಕೇಳುತ್ತೇನೆ. ಅಲ್ಲೊಂದು ರಸ್ತೆ ಇರುವುದನ್ನೇ ಯಾರೂ ನೋಡಿಲ್ಲ.