ಅಪ್ಪ ಹೊದ್ದು ನೋಡಿದ ಸೀರೆ

ನಾನು ಕಪ್ಪು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಮದುವೆಯ ಮಾತು ಎದ್ದಾಗ ಮನೆಯಲ್ಲಿ ಅದನ್ನೊಂದು ಬಿಟ್ಟು ಉಳಿದೆಲ್ಲ ಹೇಳಿದರು. ಹುಡುಗಿ ಲಕ್ಷಣವಾಗಿದ್ದಾಳೆ ಎಂದು ಬಂದವರಿಗೆಲ್ಲ ಒತ್ತಿ ಒತ್ತಿ ಹೇಳುತ್ತಿದ್ದರು. ಬೆಳ್ಳಗಿರುವ ಹುಡುಗಿಯರ ಬಗ್ಗೆ ಯಾರೂ ಅಷ್ಟು ಒತ್ತಿ ಹೇಳುವುದಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ಸುದ್ದಗುಂಟೆಪಾಳ್ಯ ಆಗಿನ್ನೂ ಹಳ್ಳಿ. ಅಪ್ಪ ಸೊಪ್ಪು, ಬದನೆಕಾಯಿ ಬೆಳೆದು ಜಯನಗರದ ಹೊಸ ಮನೆಗಳಿಗೆ ಹೊತ್ತುಕೊಂಡು ಹೋಗಿ ಮಾರುತ್ತಿದ್ದ. ಅಲ್ಲಿಂದಲೇ ಒಂದು ಸಂಬಂಧ ಬಂತು. ಅವರೂ ನಮ್ಮವರೇ, ಒಂದು ತಲೆಮಾರಿನ ಹಿಂದೆ ಹೊಲ ಬಿಟ್ಟವರು. ಹುಡುಗ ಕಚೇರಿಯಲ್ಲಿ ಟೈಪಿಸ್ಟ್. ಅವನು ನನ್ನನ್ನು ನೋಡಿದ, ಒಪ್ಪಿದ. ಅವನ ತಾಯಿ ಮಾತ್ರ ಹೊರಡುವಾಗ ನಮ್ಮ ದೊಡ್ಡಮ್ಮನ ಕಿವಿಯಲ್ಲಿ, "ಬಣ್ಣ ಒಂದಿದ್ದಿದ್ರೆ ಹುಡುಗೀಗೆ ಎದುರೇ ಇರ್ಲಿಲ್ಲ" ಅಂದರಂತೆ. ದೊಡ್ಡಮ್ಮ ಅದನ್ನು ನನಗೆ ಮುಟ್ಟಿಸದೆ ಬಿಟ್ಟಾಳೆಯೇ? ಆ ಸಂಜೆಯೇ ಮುಟ್ಟಿಸಿದಳು. ನನಗೆ ಅಳು ಬರಲಿಲ್ಲ, ಹಟ ಬಂತು. ಮುಹೂರ್ತದ ದಿನ ಆ ಹೆಂಗಸಿನ ಎದುರು ಇದೇ ಬಣ್ಣದಲ್ಲಿ ತಲೆ ಎತ್ತಿ ನಿಲ್ಲಬೇಕು, ನೋಡಿದವರು ಇನ್ನೊಮ್ಮೆ ನೋಡಬೇಕು ಎಂದುಕೊಂಡೆ.

ಅದಕ್ಕೆ ತಕ್ಕ ಸೀರೆ ಬೇಕಲ್ಲ! ನಮ್ಮಲ್ಲಿ ಮುಹೂರ್ತದ ಸೀರೆ ತರುವವರು ಹೆಣ್ಣಿನ ಕಡೆಯವರೇ. ಆದರೆ ದೇವರ ಮುಂದಿಟ್ಟು ಪೂಜೆ ಮಾಡುವ ತನಕ ಮದುಮಗಳು ಅದನ್ನು ಮೈಮೇಲೆ ಹಾಕಿಕೊಳ್ಳುವಂತಿಲ್ಲ. ಹಾಗಾಗಿ ಆರಿಸುವಾಗ ಇನ್ನೊಬ್ಬರ ಮೇಲೆ ಹಾಕಿ ನೋಡುತ್ತಿದ್ದರು. ನಮ್ಮ ಮನೆಯಲ್ಲಿ ಆ ಇನ್ನೊಬ್ಬರು ಯಾವಾಗಲೂ ದೊಡ್ಡಮ್ಮನ ಮಗಳು, ನನ್ನ ಅಕ್ಕ. ಸುಲಿದ ಬಾಳೆಹಣ್ಣಿನ ಬಣ್ಣ ಅವಳದು. ಅದುವರೆಗೆ ಮೂರು ಮದುವೆಗೆ ಅವಳ ಮೇಲೆಯೇ ಹಾಕಿ ಸೀರೆ ತಂದಿದ್ದರು. ಮೂರೂ ಸೀರೆ ಅವಳಿಗೆ ತುಂಬಾ ಚೆನ್ನಾಗಿ ಒಪ್ಪಿದ್ದವು.

ಒಂದು ಭಾನುವಾರ ಬೆಳಿಗ್ಗೆ ಸೀರೆಯವನು ಸೈಕಲ್ ಮೇಲೆ ಗಂಟು ಹೇರಿಕೊಂಡು ಬಂದ. ಜಗಲಿಯ ಮೇಲೆ ಚಾಪೆ ಹಾಸಿದರು. ತಿಳಿ ಬಣ್ಣ ಉಟ್ಟರೆ ಮೈಬಣ್ಣವೂ ತಿಳಿಯಾಗಿ ಕಾಣುತ್ತದೆ ಎಂದು ದೊಡ್ಡಮ್ಮ ನೇರವಾಗಿ ಒಂದು ತಿಳಿಗುಲಾಬಿ ಸೀರೆಗೆ ಕೈ ಹಾಕಿದಳು. ಅಕ್ಕನ ಹೆಗಲ ಮೇಲೆ ಹೊದಿಸಿದರು. ಆಹಾ, ಎಂಥಾ ಚೆಂದ ಎಂದು ನೆರೆದವರೆಲ್ಲ ತಲೆದೂಗಿದರು. ನಾನು ಮೆಲ್ಲಗೆ ಅದರ ಸೆರಗಿನ ಮೇಲೆ ನನ್ನ ಕೈ ಇಟ್ಟು ನೋಡಿದೆ. ಕೈ ಒಲೆಯ ಬೂದಿ ಬಳಿದಂತೆ ಕಂಡಿತು. ದೊಡ್ಡಮ್ಮ ಆಗಲೇ ಇದೇ ಇರಲಿ ಎಂದು ಆ ಸೀರೆಯನ್ನು ಮಡಿಸಿ ಪಕ್ಕಕ್ಕಿಡುತ್ತಿದ್ದಳು.

"ನಾನು ಹಾಕ್ಕೋಬಾರ್ದು, ಸರಿ," ಎಂದೆ. "ನನ್ನ ಬಣ್ಣದೋರ ಮೇಲೆ ಹಾಕಿ ನೋಡಿ."

ಅಂಥವರು ಯಾರಿದ್ದಾರೆ ಎಂದು ದೊಡ್ಡಮ್ಮ ಸುತ್ತ ನೋಡಿದಳು. ಅಷ್ಟು ಹೊತ್ತಿಗೆ ಅಪ್ಪ ತೋಟಕ್ಕೆ ನೀರು ಕಟ್ಟಿ ಬಂದು, ಬರಿಮೈಯಲ್ಲಿ ಅಂಗಳದ ಕಲ್ಲಿನ ಮೇಲೆ ನಿಂತು ಕಾಲು ತೊಳೆಯುತ್ತಿದ್ದ. ನನ್ನ ಬಣ್ಣ ಎಲ್ಲಿಂದ ಬಂದದ್ದೆಂದು ಯಾರೂ ಕೇಳಬೇಕಾಗಿರಲಿಲ್ಲ. ನಾನು ಅವನ ಕೈ ಹಿಡಿದು ತಂದು ಜಗಲಿಯ ಅಂಚಿಗೆ, ಬಿಸಿಲಿಗೆ ಕೂರಿಸಿದೆ.

ಗಂಡಸಿನ ಮೈಮೇಲೆ ಧಾರೆ ಸೀರೆಯೇ ಎಂದು ದೊಡ್ಡಮ್ಮ ರಂಪ ಎಬ್ಬಿಸಿದಳು. ಬಾಗಿಲ ಬಳಿ ನಿಂತು ನೋಡುತ್ತಿದ್ದ ಅಮ್ಮ ಆಗ ಹೇಳಿದಳು: "ಮದುಮಗಳು ಹಾಕ್ಕೋಬಾರ್ದು ಅಂತ ಶಾಸ್ತ್ರ ಐತೆ. ಮದುಮಗಳ ಅಪ್ಪ ಹಾಕ್ಕೋಬಾರ್ದು ಅಂತ ಎಲ್ಲೈತೆ?"

ತಿಳಿಗುಲಾಬಿಯನ್ನು ಅಪ್ಪನ ಹೆಗಲಿಗೆ ಹಾಕಿದೆವು. ಜ್ವರದಿಂದ ಎದ್ದವನ ಹಾಗೆ ಕಂಡ. ಅಕ್ಕ ಕಿಸಕ್ಕನೆ ನಕ್ಕಳು. ಆಕಾಶನೀಲಿ ಹಾಕಿದೆವು, ಗಿಳಿಹಸಿರು ಹಾಕಿದೆವು. ಅಪ್ಪ ಕ್ಷೌರಕ್ಕೆ ಕೂತವನಂತೆ ಕತ್ತು ನೆಟ್ಟಗೆ ಮಾಡಿ ಕೂತಿದ್ದ. ಸೀರೆಯವನಿಗೂ ಹುಮ್ಮಸ್ಸು ಬಂತು. ಗಂಟಿನ ತಳಕ್ಕೆ ಕೈಹಾಕಿ ಒಂದು ಸೀರೆ ಎಳೆದ. ಕುಂಬಳದ ಹೂವಿನ ಬಣ್ಣ, ಗಾಢ ಕೆಂಪು ಅಂಚು. ಬೆಳ್ಳಗಿದ್ದವರು ಇದರಲ್ಲಿ ಕಾಮಾಲೆ ಬಂದಂತೆ ಕಾಣುತ್ತಾರೆಂದು ಯಾರೂ ಕೊಳ್ಳದೆ ಉಳಿದಿದೆ ಎಂದ.

ಅದನ್ನು ಅಪ್ಪನ ಹೆಗಲಿಗೆ ಹಾಕಿದ್ದೇ ತಡ, ಚಾಪೆಯ ಸುತ್ತ ಇದ್ದವರೆಲ್ಲ ಮುಂದೆ ಬಾಗಿದರು. ಬಿಸಿಲಿನಲ್ಲಿ ಅವನ ಕಪ್ಪು ಹೆಗಲು ಎಣ್ಣೆ ಹಚ್ಚಿದ ಬಾಗಿಲಿನ ಹಾಗೆ ಮಿರಮಿರ ಮಿಂಚಿತು. ಅಪ್ಪ ಇಷ್ಟು ಚೆಲುವ ಎಂದು ನನಗೆ ಆವತ್ತಿನವರೆಗೆ ಗೊತ್ತೇ ಇರಲಿಲ್ಲ. ಮೊದಲು ಬಾಯಿಬಿಟ್ಟವಳು ಅಕ್ಕ. ಇದೇ ಕಣೇ ನಿನ್ನ ಸೀರೆ ಎಂದಳು. ಅವಳ ಆ ಒಂದು ಮಾತಿಗೆ ಹಿಂದಿನ ಮೂರು ಸೀರೆಗಳ ಸಿಟ್ಟನ್ನು ನಾನು ಬಿಟ್ಟುಕೊಟ್ಟೆ.

ಮದುವೆಯ ದಿನ ಅದನ್ನುಟ್ಟು ಮನೆಯಿಂದ ಚಪ್ಪರಕ್ಕೆ ಬಂದೆ. ಜನ ತಿರುಗಿ ನೋಡಿದರು, ಇನ್ನೊಮ್ಮೆ ನೋಡಿದರು. ಹುಡುಗನ ತಾಯಿ ಎದ್ದು ಬಂದು, ಸೆರಗಿನ ತುದಿಯನ್ನು ಬೆರಳಲ್ಲಿ ಹಿಡಿದು, ಈ ಬಣ್ಣ ಬೇರೆ ಯಾರಿಗೂ ಹೀಗೆ ಒಪ್ಪುವುದಿಲ್ಲ ಎಂದು ನಾಲ್ಕು ಜನ ಕೇಳುವಂತೆ ಹೇಳಿದರು. ಯಾರು ಆರಿಸಿದ್ದು ಎಂದೂ ಕೇಳಿದರು. ದೊಡ್ಡಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. ಅಷ್ಟರಲ್ಲಿ ಧಾರೆಯ ತಂಬಿಗೆ ಹಿಡಿದು ನಿಂತಿದ್ದ ಅಪ್ಪ ಹೇಳಿಬಿಟ್ಟ:

"ನಾನೇ ಕಣ್ರವ್ವ. ನನ್ನ ಮೈಮೇಲೆ ಹಾಕ್ಕೊಂಡೇ ನೋಡ್ದೆ. ನಮ್ಮಿಬ್ರದೂ ಒಂದೇ ಬಣ್ಣ."

ಅವರು ಅಪ್ಪನನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ನಕ್ಕರು.

ಎರಡು ವರ್ಷದ ಮೇಲೆ ನನ್ನ ನಾದಿನಿಯ ಮದುವೆ ಗೊತ್ತಾಯಿತು. ಅವಳದೂ ನನ್ನದೇ ಬಣ್ಣ. ಹೆತ್ತವರಿಗೆ ಹೆಗ್ಗಣ ಮುದ್ದು, ಅತ್ತೆಗೆ ಆ ಬಣ್ಣ ಅದುವರೆಗೆ ಕಂಡಿರಲಿಲ್ಲ. ಜಯನಗರದ ಆ ಮನೆಯ ಹಜಾರದಲ್ಲಿ ಸೀರೆಯವನು ಗಂಟು ಇಳಿಸಿದ. ಬಿಚ್ಚಲು ಹೋದವನನ್ನು ಅತ್ತೆ ಕೈಸನ್ನೆಯಲ್ಲೇ ತಡೆದು, ನನ್ನ ಕಡೆ ತಿರುಗಿದರು.

"ಸ್ವಲ್ಪ ನಿಮ್ಮಪ್ಪನ್ನ ಕರೆಸಮ್ಮ," ಎಂದರು.