ಪ್ರೆಸ್ಸಿಗೆ ಇಬ್ಬರು

ಮೇಸ್ತ್ರಿಯ ಬಾಮೈದನಿಗೆ ಹತ್ತೊಂಬತ್ತು ದಿನದ ಸಂಬಳ ಇನ್ನೂ ಬರಬೇಕು. ಆತ ಸತ್ತು ಮೂರು ತಿಂಗಳಾಯಿತು. ಸತ್ತವನೇ ಎದ್ದು ಬಂದು ರುಜು ಹಾಕಲಿ ಎಂದು ಮಾಲೀಕ ಕಾಯುತ್ತಿದ್ದಾನೋ ಏನೋ.

ಮೇಸ್ತ್ರಿ ಆ ದುಡ್ಡು ಕೇಳಿ ಕೇಳಿ ಸಾಕಾಗಿ ಬಿಟ್ಟಿದ್ದರು. ಈಗ ಅವರು ಕೇಳುತ್ತಿದ್ದುದು ಒಂದೇ: ಪ್ರೆಸ್ಸಿಗೆ ಇನ್ನೊಬ್ಬ ಆಳು.

ಓಬೀರಾಯನ ಕಾಲದ ಕಾರುಗಳನ್ನು ಬಿಚ್ಚಿ, ತಿಕ್ಕಿ, ಮತ್ತೆ ಓಡುವಂತೆ ಮಾಡುವ ವರ್ಕ್‌ಶಾಪು ಅದು. ತಗಡಿನ ಸೂರು, ಎಣ್ಣೆ ಕುಡಿದು ಕಪ್ಪಾದ ನೆಲ, ಮೂಲೆಯಲ್ಲಿ ಬಿಡಿಭಾಗಗಳನ್ನು ಒತ್ತಿ ಕೂರಿಸುವ ಆಳೆತ್ತರದ ಕೈಪ್ರೆಸ್ಸು. ಭಾವ, ಬಾಮೈದ ಇಬ್ಬರೂ ಇಪ್ಪತ್ತಾರು ವರ್ಷ ಅಲ್ಲಿ ಜೊತೆಗೆ ಬೆವರು ಸುರಿಸಿದ್ದರು. ಬ್ರೇಕಿನ ಡ್ರಮ್ಮು ಬಿಚ್ಚಿದಾಗೆಲ್ಲ ಒಳಗಿನ ಬೂದಿಯಂಥ ಪುಡಿಯನ್ನು ಬಾಮೈದ ಬಾಯಿಂದಲೇ ಊದಿ ತೆಗೆಯುತ್ತಿದ್ದ. ಮೂಗಿಗೆ ಕಟ್ಟಿಕೊಳ್ಳಲು ಒಂದು ಬಟ್ಟೆಯನ್ನೂ ಯಾರೂ ಕೊಡಲಿಲ್ಲ. ಪುಡಿ ಶ್ವಾಸಕೋಶದಲ್ಲಿ ಬಿಡಾರ ಹೂಡಿತು. ಎಕ್ಸ್‌ರೇ ನೋಡಿ ಡಾಕ್ಟರು ತಲೆಯಾಡಿಸಿದಾಗ ಪುಣ್ಯಾತ್ಮ ನಕ್ಕಿದ್ದ. “ಭಾವ, ನನ್ನೊಳಗೆ ಎಷ್ಟು ಕಾರು ನಿಂತಿದಾವೆ ನೋಡು.”

ಸ್ಟಿಯರಿಂಗ್ ಶಾಫ್ಟಿಗೆ ಗೇರು ಕೂರಿಸುವ ಕೆಲಸ ಬಾಯಲ್ಲಿ ಹೇಳಲು ಸಲೀಸು. ಗೇರಿನ ತೂತು ಶಾಫ್ಟಿಗಿಂತ ಕೂದಲೆಳೆಯಷ್ಟು ಸಣ್ಣದು. ಬೋಲ್ಟು, ಬೆಸುಗೆ ಏನೂ ಇಲ್ಲ, ಬಿಗಿಯೇ ಹಿಡಿದುಕೊಳ್ಳಬೇಕು. ಕಾದ ಎಣ್ಣೆಯಲ್ಲಿ ಮುಳುಗಿಸಿದರೆ ತೂತು ತುಸು ಹಿಗ್ಗುತ್ತದೆ. ಆಗ ಎತ್ತಿ ಶಾಫ್ಟಿನ ತುದಿಗಿಟ್ಟು ಒತ್ತಬೇಕು. ಇಪ್ಪತ್ತು ಎಣಿಸುವುದರೊಳಗೆ ಮುಗಿಯಬೇಕು. ತಡವಾದರೆ ಗೇರು ಆರಿ, ನಿಂತಲ್ಲೇ ಕಚ್ಚಿಕೊಳ್ಳುತ್ತದೆ. ಸೊಟ್ಟಗೆ ಕೂತರಂತೂ ಒಂದು ದಿನ ಯಾವುದೋ ತಿರುವಿನಲ್ಲಿ ಸ್ಟಿಯರಿಂಗ್ ತಿರುಗುತ್ತದೆ, ಕಾರು ತಿರುಗುವುದಿಲ್ಲ.

ಹಿಡಿಕೆ ಎಳೆಯುವವರು ಮೇಸ್ತ್ರಿ. ಅಲ್ಲಿಂದ ಗೇರು ಕಾಣದು, ಪ್ರೆಸ್ಸಿನ ಕಂಬ ಅಡ್ಡ. ಆಚೆ ಬದಿಯಲ್ಲಿ ಬಾಮೈದ ಮಂಡಿಯೂರಿ, ಮೂಲೆಮಟ್ಟ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಎರಡು ಸಲ ಎಳೆದು ಮೇಸ್ತ್ರಿ ನಿಲ್ಲಿಸುತ್ತಿದ್ದರು. ಗೇರು ನೆಟ್ಟಗಿದ್ದರೆ ಅವನು “ತಿನ್ಸು ಭಾವ” ಅನ್ನುತ್ತಿದ್ದ. ಆಮೇಲೆ ನಿಲ್ಲುವ ಮಾತೇ ಇಲ್ಲ, ಒಂದೇ ಉಸಿರಿಗೆ ತಳ ಮುಟ್ಟಿಸುವುದು.

“ಎಳೆಯೋದು ಒಂದು ಹಿಡಿಕೆ, ಅದಕ್ಕೆ ಇಬ್ಬರು ಯಾಕೆ ಮೇಸ್ತ್ರಿ?” ಎಂದು ಮಾಲೀಕ ಕೇಳಿದ್ದ.

“ನೋಡೋಕೊಬ್ಬ ಬೇಕು ಸಾರ್.”

“ಕನ್ನಡಿ ಇಟ್ಕೊಳ್ರೀ.”

ಯಾವುದೋ ಕಾರಿನ ಪಕ್ಕದ ಕನ್ನಡಿ ಕೀಳಿಸಿ ಕಂಬದೆದುರು ಕಟ್ಟಿಸಿಯೂ ಬಿಟ್ಟ. ಅನ್ನ ಕೇಳದ, ರಜೆ ಕೇಳದ ಆಳು.

ಆ ದಿನದ ಗೇರು ಈಗ ಯಾರೂ ತಯಾರಿಸದ ಮಾದರಿಯದು. ಎಲ್ಲೆಲ್ಲೋ ಹುಡುಕಿಸಿ ತರಿಸಿದ್ದು ಅದೊಂದೇ. ಕಾರು ಕೊಳ್ಳುವವರು ಸಂಜೆಗೆ ಬರುವವರಿದ್ದರು. “ಇದೇನಾದ್ರೂ ಕೆಟ್ಟರೆ ನಾಳೆಯಿಂದ ನೀವು ಬರೋದು ಬೇಡ” ಎಂದು ಮಾಲೀಕ ಪಕ್ಕದಲ್ಲೇ ಸೊಂಟಕ್ಕೆ ಕೈಯಿಟ್ಟು ನಿಂತ.

ಮೇಸ್ತ್ರಿ ಇಕ್ಕಳದಿಂದ ಗೇರೆತ್ತಿ ಶಾಫ್ಟಿನ ತಲೆಗಿಟ್ಟರು. ಸುತ್ತು ಹಾಕಿ ಬಂದು ಹಿಡಿಕೆ ಹಿಡಿದರು. ಒಂದು ಎಳೆತ. ಎರಡು. ನಿಲ್ಲಿಸಿದರು. ಕನ್ನಡಿಯಲ್ಲಿ ಗೇರು ಕಾಣುತ್ತಿತ್ತು, ನೂಲು ಹಿಡಿದಷ್ಟು ನೆಟ್ಟಗಿತ್ತು. ಮೇಸ್ತ್ರಿಗೆ ಅದು ಗೊತ್ತಿತ್ತು. ಆದರೂ ಕೈ ಏಳಲಿಲ್ಲ. ಕಿವಿ ಕಂಬದ ಆಚೆ ಬದಿಗೆ ನೆಟ್ಟಿತ್ತು. ಇಪ್ಪತ್ತಾರು ವರ್ಷ ಆ ದನಿ ಕೇಳಿಯೇ ಎದ್ದ ಕೈ, ಅದು ಬರಲಿ ಎಂದು ತನ್ನ ಪಾಡಿಗೆ ತಾನು ಕಾದು ನಿಂತಿತ್ತು.

“ಯಾಕ್ರೀ ನಿಂತ್ರಿ? ಒತ್ತಿ!”

ಮೇಸ್ತ್ರಿ ಬೆಚ್ಚಿದರು. ಗೇರಿನಿಂದ ಏಳುತ್ತಿದ್ದ ಹೊಗೆ ನಿಂತುಹೋಗಿತ್ತು. “ಆರೋಯ್ತು ಸಾರ್. ಬಿಚ್ಚಿ ಮತ್ತೆ ಕಾಯಿಸ್ಬೇಕು. ಒಂದೆರಡು ಗಂಟೆ ಹಿಡಿಯತ್ತೆ.”

“ಪಾರ್ಟಿ ಬರೋ ಹೊತ್ತು. ಇನ್ನರ್ಧ ತಾನೇ ಇರೋದು? ಒತ್ರೀ.”

ಒತ್ತಬಾರದೆಂದು ಮೇಸ್ತ್ರಿಗೆ ಗೊತ್ತು. ಬೇರೆ ದಿನವಾಗಿದ್ದರೆ ಹಿಡಿಕೆ ಬಿಟ್ಟು, ಕೈ ಒರೆಸಿಕೊಂಡು, “ನೀವೇ ಒತ್ಕೊಳ್ಳಿ” ಅನ್ನುವ ಜಾತಿ. ಅವತ್ತು ಸುಮ್ಮನೆ ನಿಂತ ನಾಚಿಕೆ ಅವರ ಬಾಯಿ ಕಟ್ಟಿಹಾಕಿತು. ಮೈಭಾರವೆಲ್ಲ ಬಿಟ್ಟು ಎಳೆದರು. ಪ್ರೆಸ್ಸಿನ ಒತ್ತಡ ತೋರಿಸುವ ಮುಳ್ಳು ಕೆಂಪು ಗೆರೆ ದಾಟಿತು. ಗೇರು ಟಣ್ಣೆಂದು ಸೀಳಿತು.

ಮಾಲೀಕ ಕೂಗಾಡಲಿಲ್ಲ. ಸೀಳಿನ ಮೇಲೆ ಬೆರಳಾಡಿಸಿ, “ನಿಮಗೂ ವಯಸ್ಸಾಯ್ತು ಬಿಡಿ, ಮನೆಗೆ ಹೋಗಿ” ಅಂದ. ಅಷ್ಟೇ.

ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲಿಗೆ ಬಂದು ನಿಂತ ಗಂಡನನ್ನು ಕಂಡು ಹೆಂಡತಿ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು.

“ಏನ್ರೀ, ಹುಷಾರಿಲ್ವಾ?”

“ಗೇರು ಒಡೀತು. ಕೆಲಸ ಹೋಯ್ತು.”

“ನಿಮ್ಮ ಕೈಲಿ ಒಡೀತಾ? ಸುಳ್ಳು.”

ಮೇಸ್ತ್ರಿ ಹೊಸ್ತಿಲ ಮೇಲೇ ಕೂತು ನಡೆದದ್ದು ನಡೆದ ಹಾಗೆ ಹೇಳಿದರು. ಅವಳು ಗೋಡೆಗೊರಗಿ ಕೇಳಿದಳು. ಸತ್ತವನು ಅವಳ ಬೆನ್ನಿಗೆ ಬಿದ್ದ ತಮ್ಮ, ಅವಳ ಕಂಕುಳಲ್ಲಿ ಬೆಳೆದವನು, ಕೊನೆಯವರೆಗೂ ಅವರ ಮನೆಯಲ್ಲೇ ಉಂಡವನು.

“ಇದನ್ನ ಆ ಮಾಲೀಕನ ಮುಖಕ್ಕೆ ಹೇಳಿ ಬರಬೇಕಿತ್ತು ನೀವು.”

“ಏನಂತ ಹೇಳ್ಲಿ? ಸತ್ತೋನು ಹ್ಞೂಂ ಅನ್ಲಿ ಅಂತ ಕಾಯ್ತಿದ್ದೆ ಸಾರ್ ಅಂತಲಾ? ಹುಚ್ಚ ಅಂತಾನೆ.”

“ಅನ್ಲಿ.” ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. “ನಾನು ಮೊನ್ನೆ ಮೂರು ತಟ್ಟೆ ಇಟ್ಟೆ. ನೀವು ಸುಮ್ಮನೆ ಒಂದು ತೆಗೆದಿಟ್ರಿ. ನನ್ನನ್ನ ಯಾರು ಕೆಲಸದಿಂದ ತೆಗೀತಾರೆ ಹೇಳಿ?”

ಮೇಸ್ತ್ರಿ ನಗಲು ನೋಡಿದರು. ಆಗಲಿಲ್ಲ. ಹಿಡಿಕೆ ಎಳೆದ ಉರಿ ಇನ್ನೂ ಆರದ ಅಂಗೈಯನ್ನು ಮಂಡಿಗೆ ಉಜ್ಜುತ್ತ ಕೂತರು. ಹೆಣ ಎತ್ತಿದ ದಿನ ಒಂದು ಹನಿಯೂ ಹಾಕದವರು ಅವತ್ತು ಅತ್ತರು.

ಮುಂದಿನ ವಾರ ಆ ವರ್ಕ್‌ಶಾಪಿಗೆ ಹೊಸ ಫಿಟ್ಟರ್ ಬಂದ. ಬೇರೆ ಕಾರು, ಬೇರೆ ಗೇರು. ಕಾದ ಗೇರನ್ನು ಒಬ್ಬನೇ ಎತ್ತುತ್ತಾನೆ, ಒಬ್ಬನೇ ಓಡಿಬಂದು ಹಿಡಿಕೆ ಎಳೆಯುತ್ತಾನೆ. ಒಂದು ದಿನ ಸೊಟ್ಟಗೆ ಕೂರಿಸುತ್ತಾನೆ. ಆ ಕಾರು ನಿಮ್ಮ ಬೀದಿಯಲ್ಲೇ ಬರುತ್ತದೆ.

ನಿಮ್ಮ ಕೈಕೆಳಗೆ ನಾಲ್ಕು ಜನ ದುಡಿಯುತ್ತಿದ್ದರೆ ನಾಳೆ ಬೆಳಿಗ್ಗೆಯೇ ಹೋಗಿ ನೋಡಿ. ಇಬ್ಬರು ಮಾಡುವ ಕೆಲಸಕ್ಕೆ ಒಬ್ಬನನ್ನು ನಿಲ್ಲಿಸಿದ್ದೀರಾ? ಇನ್ನೊಬ್ಬನನ್ನು ಕರೆತನ್ನಿ. ದುಡಿಯುವವರು ನೀವೇ ಆಗಿದ್ದರೆ, ಆ ಇನ್ನೊಬ್ಬ ಬಂದು ಪಕ್ಕದಲ್ಲಿ ನಿಲ್ಲುವ ತನಕ ಹಿಡಿಕೆ ಮುಟ್ಟಬೇಡಿ.